ಹೋಗಿ ಬರ್ತೀವಿ ಅನ್ನುವ ಶಾಲೆ

ಲಂಡನ್ನಿನ ಯಹೂದಿ ಶಾಲೆಗಳಲ್ಲಿ ವರ್ಷದ ಪಾಠ ಮುಗಿಯುವ ಹೊತ್ತಿಗೆ ಅಜ್ಜ ಅಜ್ಜಿಯರಿಂದ ಹಿಡಿದು ಎಲ್ಲರೂ ಶಾಲೆಯೊಳಗೆ ಬಂದು ಕೂರುತ್ತಾರೆ. ಆ ಸಡಗರದ ಬೇರು ಹುಡುಕುತ್ತ ಹೋದರೆ ಕೋಲ್ಕತ್ತದ ಒಂದು ಗೇಟೂ ಮಂಗಳೂರಿನಲ್ಲಿದ್ದ ಒಬ್ಬ ವ್ಯಾಪಾರಿಯ ಕಾಗದಗಳೂ ಎದುರಾಗುತ್ತವೆ.

ಆರು ವರ್ಷದ ಹುಡುಗಿಯೊಬ್ಬಳ ಕೈಯಿಂದ ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಸಭಾಂಗಣದಲ್ಲಿ ಒಂದು ಕ್ಷಣ ಸದ್ದಡಗಿತು. ಯಾರೂ ಗದರಲಿಲ್ಲ, ಯಾರೂ ಎದ್ದುಹೋಗಿ ಎತ್ತಿಕೊಡಲಿಲ್ಲ. ಹುಡುಗಿ ತಾನೇ ಬಗ್ಗಿ ಪುಸ್ತಕ ಎತ್ತಿಕೊಂಡು, ರಟ್ಟಿನ ಮೇಲೆ ಅಂಗೈ ಆಡಿಸಿ, ಅದಕ್ಕೊಂದು ಮುತ್ತು ಕೊಟ್ಟು ಮತ್ತೆ ಸಾಲಿನಲ್ಲಿ ನಿಂತಳು. ಪುಸ್ತಕ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದ ನನಗೆ ಆ ಮುತ್ತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅದು ಜುಲೈ ಮೊದಲ ವಾರ. ವಾಯವ್ಯ ಲಂಡನ್ನಿನ ಒಂದು ಯಹೂದಿ ಪ್ರಾಥಮಿಕ ಶಾಲೆ. ಒಂದನೇ ತರಗತಿಯ ಮಕ್ಕಳಿಗೆ ಅಂದು ‘ಸಿದ್ದೂರ್’ ಕೊಡುವ ದಿನ. ಸಿದ್ದೂರ್ ಎಂದರೆ ಪ್ರಾರ್ಥನೆಯ ಪುಸ್ತಕ. ಹೀಬ್ರೂ ಭಾಷೆಯ ಇಪ್ಪತ್ತೆರಡು ಅಕ್ಷರಗಳನ್ನು ವರ್ಷವಿಡೀ ತಿದ್ದಿ, ಕೂಡಿಸಿ ಓದಲು ಕಲಿತ ಮಕ್ಕಳಿಗೆ ಅವರದೇ ಹೆಸರು ಬರೆದ ಮೊದಲ ಪುಸ್ತಕ ಸಿಗುತ್ತದೆ. ನನ್ನನ್ನು ಕರೆದುಕೊಂಡು ಹೋಗಿದ್ದವರು ನಮ್ಮ ಪಕ್ಕದ ಮನೆಯ ಅಜ್ಜಿ. ಅವರ ಮೊಮ್ಮಗ ಎರಡನೇ ಸಾಲಿನಲ್ಲಿ ನಿಂತಿದ್ದ. ಅವನ ಪುಸ್ತಕದ ಹೊದಿಕೆಯನ್ನು ಅಜ್ಜಿಯೇ ಹೊಲಿದಿದ್ದರು: ಕಡುನೀಲಿ ಮಖಮಲ್ಲು, ಅದರ ಮೇಲೆ ಹಳದಿ ದಾರದಲ್ಲಿ ಅವನ ಹೆಸರು, ಮೂಲೆಯಲ್ಲೊಂದು ದಾಳಿಂಬೆ. ಕಣ್ಣು ಮಂಜಾಗಿರುವ ಅವರು ಸಂಜೆ ಹೊತ್ತು ಕಿಟಕಿಯ ಬಳಿ ಕೂತು ಆ ದಾಳಿಂಬೆಯ ಒಂದೊಂದೇ ಕಾಳು ಹಾಕುವುದನ್ನು ನಾನು ಮೇ ತಿಂಗಳಿಂದ ನೋಡುತ್ತಿದ್ದೆ.

ಸಮಾರಂಭ ಮುಗಿದ ಮೇಲೆ ಹುಡುಗ ಓಡಿಬಂದು ಪುಸ್ತಕವನ್ನು ನನ್ನ ಕೈಗಿಟ್ಟ. ನಾನು ಅಭ್ಯಾಸಬಲದಿಂದ ಎಡಗಡೆಯಿಂದ ತೆರೆದೆ. “ಅಲ್ಲಲ್ಲ, ಅದು ಕೊನೆ” ಎಂದು ಅವನು ನಕ್ಕು, ಪುಸ್ತಕ ತಿರುಗಿಸಿ, ಬಲದಿಂದ ತೆರೆದು ತೋರಿಸಿದ. ನನಗೆ ಕೊನೆಯಾಗಿದ್ದದ್ದು ಅವನಿಗೆ ಆರಂಭ. ಹೊದಿಕೆಯ ಒಳಗೆ ಅವನ ಅಪ್ಪ ಅಮ್ಮ ಬರೆದ ನಾಲ್ಕು ಸಾಲಿನ ಹಾರೈಕೆ ಇತ್ತು. ಅದರ ಕೆಳಗೆ ಅಜ್ಜಿಯ ನಡುಗುವ ಕೈಯ ಸಹಿ.

ಸೂರ್ಯನನ್ನು ನೋಡಿ ಗಂಟೆ ಬಾರಿಸುವ ಶಾಲೆ

ಇಂಗ್ಲೆಂಡಿನ ಶಾಲೆಗಳಿಗೆ ವರ್ಷದಲ್ಲಿ ಮೂರು ಅವಧಿ. ಸೆಪ್ಟೆಂಬರಿನಲ್ಲಿ ಶುರುವಾಗುವ ಶರತ್ಕಾಲದ್ದು ಡಿಸೆಂಬರಿಗೆ ಮುಗಿಯುತ್ತದೆ, ವಸಂತದ್ದು ಈಸ್ಟರ್ ಹೊತ್ತಿಗೆ, ಬೇಸಿಗೆಯದು ಜುಲೈ ಕೊನೆಗೆ. ಯಹೂದಿ ಶಾಲೆಗಳೂ ಇದೇ ಲೆಕ್ಕದಲ್ಲಿ ನಡೆಯುತ್ತವೆ. ಆದರೆ ಅವುಗಳ ಗೋಡೆಯ ಮೇಲೆ ಇನ್ನೊಂದು ಪಂಚಾಂಗವೂ ತೂಗುತ್ತಿರುತ್ತದೆ. ಯಹೂದಿ ತಿಂಗಳು ಅಮಾವಾಸ್ಯೆ ಕಳೆದು ಚಂದ್ರ ಕಾಣುವಲ್ಲಿಂದ ಆರಂಭ. ಋತುಗಳ ಜತೆ ಹೊಂದಿಸಲು ಹತ್ತೊಂಬತ್ತು ವರ್ಷಕ್ಕೆ ಏಳು ಬಾರಿ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ಅಧಿಕ ಮಾಸ ಗೊತ್ತಿರುವ ನಮಗೆ ಈ ಲೆಕ್ಕ ಹೊಸದಲ್ಲ.

ಎರಡು ಪಂಚಾಂಗಗಳ ನಡುವೆ ಶಾಲೆ ನಡೆಸುವುದು ಸುಲಭದ ಕೆಲಸವಲ್ಲ. ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದ ಕೆಲವೇ ವಾರಗಳೊಳಗೆ ಹೊಸ ವರ್ಷದ ‘ರೋಷ್ ಹಶಾನಾ’ ಬರುತ್ತದೆ, ಹಿಂದೆಯೇ ಉಪವಾಸದ ‘ಯೋಮ್ ಕಿಪ್ಪುರ್’, ಆಮೇಲೆ ಚಪ್ಪರದ ಹಬ್ಬ ‘ಸುಕ್ಕೋತ್’. ಮಕ್ಕಳು ಅಂಗಳದಲ್ಲಿ ಸೊಪ್ಪು ಸದೆ ಹೊದಿಸಿದ ಚಪ್ಪರ ಕಟ್ಟಿ ಅದರಡಿ ಕೂತು ಬುತ್ತಿ ಬಿಚ್ಚುತ್ತಾರೆ. ಈ ಸಾಲು ಹಬ್ಬಗಳ ಕೊನೆಗೆ ‘ಸಿಮ್ಖಾತ್ ತೋರಾ’. ವರ್ಷವಿಡೀ ವಾರಕ್ಕೊಂದು ಭಾಗದಂತೆ ಓದಿಕೊಂಡು ಬಂದ ಧರ್ಮಗ್ರಂಥ ತೋರಾದ ಕೊನೆಯ ಸಾಲನ್ನು ಅಂದು ಓದಿ ಮುಗಿಸುತ್ತಾರೆ. ಮುಗಿಸಿದವರು ಸುರುಳಿ ಕಟ್ಟಿಡುವುದಿಲ್ಲ. ಅದೇ ಕೂಟದಲ್ಲಿ ಮೊದಲ ಅಧ್ಯಾಯದಿಂದ ಮತ್ತೆ ಓದು ಶುರು ಮಾಡುತ್ತಾರೆ.

ಇನ್ನು ಶುಕ್ರವಾರದ ಮಾತು. ಷಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನ, ಶುಕ್ರವಾರ ಸೂರ್ಯ ಮುಳುಗುವುದರೊಂದಿಗೆ ಶುರು. ಡಿಸೆಂಬರಿನ ಲಂಡನ್ನಿನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗಿಬಿಡುತ್ತಾನೆ. ಹಾಗಾಗಿ ಚಳಿಗಾಲದ ಶುಕ್ರವಾರಗಳಲ್ಲಿ ಈ ಶಾಲೆಗಳ ಗಂಟೆ ಮಧ್ಯಾಹ್ನಕ್ಕೇ ಹೊಡೆಯುತ್ತದೆ. ಅಮ್ಮಂದಿರು ಕೈಯಲ್ಲಿ ಜಡೆಯಂತೆ ಹೆಣೆದ ‘ಖಲ್ಲಾ’ ಬ್ರೆಡ್ಡಿನ ಪೊಟ್ಟಣ ಹಿಡಿದು, ಮಕ್ಕಳನ್ನು ಎಳೆದುಕೊಂಡು ಮನೆಯ ಕಡೆ ಧಾವಿಸುವ ದೃಶ್ಯ ನಮ್ಮ ಬೀದಿಯಲ್ಲಿ ಪ್ರತಿ ವಾರದ್ದು. ಅದಕ್ಕೆ ಮುಂಚೆ ತರಗತಿಯಲ್ಲೇ ಪುಟ್ಟದೊಂದು ಷಬ್ಬಾತ್ ನಡೆದಿರುತ್ತದೆ. ಒಂದು ಮಗು ಅಮ್ಮನ ಸ್ಥಾನದಲ್ಲಿ, ಇನ್ನೊಂದು ಅಪ್ಪನ ಸ್ಥಾನದಲ್ಲಿ ಕೂತು, ಚೂರು ಬ್ರೆಡ್ಡು, ಗುಟುಕು ದ್ರಾಕ್ಷಿ ರಸ ಹಂಚುತ್ತವೆ. ‘ತ್ಸೆದಾಕಾ’ ಡಬ್ಬಿ ಕೈಯಿಂದ ಕೈಗೆ ಸಾಗುತ್ತದೆ. ತ್ಸೆದಾಕಾ ಎಂದರೆ ದಾನ ಎಂದು ನಾವು ಸುಲಭವಾಗಿ ಹೇಳಿಬಿಡಬಹುದು. ಆದರೆ ಆ ಪದದ ಬೇರಿನಲ್ಲಿರುವ ಅರ್ಥ ನ್ಯಾಯ. ಇದ್ದವನು ಇಲ್ಲದವನಿಗೆ ಕೊಡುವುದು ಕರುಣೆಯಿಂದಲ್ಲ, ಕೊಡಬೇಕಾದದ್ದನ್ನು ಸಲ್ಲಿಸುವುದು ಎಂಬ ಭಾವ. ಡಬ್ಬಿಯಲ್ಲಿ ಕೂಡಿದ ನಾಣ್ಯಗಳನ್ನು ಅವಧಿಯ ಕೊನೆಗೆ ಎಣಿಸಿ, ಯಾರಿಗೆ ಕೊಡಬೇಕೆಂದು ಮಕ್ಕಳೇ ಚರ್ಚಿಸಿ ತೀರ್ಮಾನಿಸುತ್ತಾರೆ.

ಮೂರು ಅವಧಿಗಳ ಕೊನೆಗೂ ಮೂರು ಬಣ್ಣ. ಡಿಸೆಂಬರಿನಲ್ಲಿ ದೀಪದ ಹಬ್ಬ ‘ಹನುಕ್ಕಾ’. ಎಂಟು ರಾತ್ರಿ, ದಿನಕ್ಕೊಂದು ದೀಪ ಹೆಚ್ಚಿಸುತ್ತಾ ಹೋಗುತ್ತಾರೆ. ಅವನ್ನು ಹೊತ್ತಿಸಲು ಒಂದು ದೀಪ ಬೇರೆ, ಹೀಗೆ ಒಂಬತ್ತು ಕವಲಿನ ದೀಪಕಂಬ. ದೇವಾಲಯದ ದೀಪದ ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡದ ನೆನಪಿನ ಹಬ್ಬವಾದ್ದರಿಂದ ತಿನಿಸೂ ಎಣ್ಣೆಯದೇ: ಜಾಮ್ ತುಂಬಿದ ಡೋನಟ್, ಆಲೂಗಡ್ಡೆ ತುರಿದು ಕರಿದ ‘ಲಾಟ್ಕೆ’. ವಸಂತದಲ್ಲಿ ಮೊದಲು ‘ಪೂರಿಮ್’ ಬರುತ್ತದೆ. ಮಕ್ಕಳು, ಟೀಚರುಗಳು ಎಲ್ಲರೂ ವೇಷ ಹಾಕುತ್ತಾರೆ. ತನ್ನ ಜನರನ್ನು ಕಾಪಾಡಿದ ರಾಣಿ ಎಸ್ತರಳ ಕತೆ ಓದುವಾಗ ದುಷ್ಟ ಹಾಮಾನನ ಹೆಸರು ಬಂದಾಗಲೆಲ್ಲ ಗಿರಗಟ್ಟಲೆ ತಿರುಗಿಸಿ, ಕಾಲು ಬಡಿದು, ಆ ಹೆಸರೇ ಕೇಳದಂತೆ ಮಾಡುತ್ತಾರೆ. ಅದಾಗಿ ತಿಂಗಳಿಗೆ, ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ‘ಪೆಸಾಖ್’. ರಜೆಗೆ ಬಿಡುವ ಮೊದಲು ಸಭಾಂಗಣದಲ್ಲಿ ಉದ್ದ ಮೇಜು ಹಾಕಿ ‘ಸೇದೆರ್’ ಊಟದ ತಾಲೀಮು ನಡೆಯುತ್ತದೆ. ಈಜಿಪ್ಟಿನ ಗುಲಾಮಗಿರಿಯ ಕಣ್ಣೀರಿಗೆ ಉಪ್ಪು ನೀರು, ಕಹಿ ಬದುಕಿಗೆ ಕಹಿ ಸೊಪ್ಪು, ಇಟ್ಟಿಗೆ ಕಟ್ಟಿದ ಗಾರೆಯ ನೆನಪಿಗೆ ಸೇಬು-ಬಾದಾಮಿ ಕಲಸಿದ ಸಿಹಿ ಮುದ್ದೆ, ಹಿಟ್ಟು ಉಬ್ಬಲೂ ಬಿಡುವಿಲ್ಲದೆ ಹೊರಟ ಅವಸರಕ್ಕೆ ಹುಳಿ ಹಾಕದ ‘ಮಾತ್ಸಾ’ ರೊಟ್ಟಿ. ಊಟಕ್ಕೆ ಮೊದಲು ಎಲ್ಲರಿಗಿಂತ ಕಿರಿಯ ಮಗು ಎದ್ದು ನಿಂತು ಪ್ರಶ್ನೆ ಕೇಳಬೇಕು: ಈ ರಾತ್ರಿಗೂ ಬೇರೆ ರಾತ್ರಿಗಳಿಗೂ ಏನು ವ್ಯತ್ಯಾಸ ಎಂದು. ಪ್ರಶ್ನೆ ಕೇಳದೆ ಕತೆ ಶುರುವಾಗುವುದಿಲ್ಲ. ಒಂದು ಜನಾಂಗ ತನ್ನ ಅತಿ ದೊಡ್ಡ ಕತೆಯ ಬಾಗಿಲಿಗೆ ಮಗುವಿನ ಪ್ರಶ್ನೆಯನ್ನು ಬೀಗದ ಕೈಯಾಗಿ ಇಟ್ಟಿದೆ. ನನಗೆ ಈ ಸಂಪ್ರದಾಯದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ.

ಬೇಸಿಗೆಯ ಕೊನೆಗೆ ಸಿದ್ದೂರ್ ಸಮಾರಂಭ, ಕ್ರೀಡೆ, ಬಹುಮಾನ, ಆರನೇ ತರಗತಿಯವರ ಬೀಳ್ಕೊಡುಗೆ ನಾಟಕ. ಇಲ್ಲೊಂದು ತೊಡಕಿದೆ. ‘ತಮ್ಮೂಜ್’ ತಿಂಗಳ ಹದಿನೇಳರಿಂದ ‘ಆವ್’ ತಿಂಗಳ ಒಂಬತ್ತರವರೆಗಿನ ಮೂರು ವಾರ ಶೋಕದ ಕಾಲ. ಜೆರುಸಲೇಮಿನ ದೇವಾಲಯ ನೆಲಸಮವಾದ ನೆನಪಿನಲ್ಲಿ ಸಂಪ್ರದಾಯಸ್ಥರು ಆಗ ಮದುವೆ ಮಾಡುವುದಿಲ್ಲ, ವಾದ್ಯ ನುಡಿಸುವುದಿಲ್ಲ. ಈ ಕಾಲ ಶುರುವಾಗುವುದು ಸಾಮಾನ್ಯವಾಗಿ ನಮ್ಮ ಆಷಾಢದಲ್ಲೇ. ಹಲವು ವರ್ಷಗಳಲ್ಲಿ ಗುರುಪೂರ್ಣಿಮೆ ಕಳೆದು ಕೆಲವೇ ದಿನಕ್ಕೆ. ಹಾಗಾಗಿ ಶಾಲೆ ಜುಲೈ ಕೊನೆಯವರೆಗೆ ನಡೆದರೂ ಹಾಡು ಕುಣಿತದ ಕಾರ್ಯಕ್ರಮವನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಬೇಕು. “ಆಷಾಢ ಹಿಡಿಯೋದ್ರೊಳಗೆ ಮುಗಿಸಿಬಿಡಿ” ಎಂದು ನಮ್ಮ ಮನೆಗಳಲ್ಲಿ ಮದುವೆಗೆ ಅವಸರ ಮಾಡುವಂತೆಯೇ ಇಲ್ಲಿನ ಟೀಚರುಗಳು ನಾಟಕದ ತಾಲೀಮಿಗೆ ಅವಸರ ಮಾಡುತ್ತಾರೆ.

ಜೇನು ಸವರಿದ ಹಲಗೆ

ಪುಸ್ತಕ ಕೊಡುವುದಕ್ಕೆ ಇಷ್ಟು ಸಡಗರ ಏಕೆ ಎಂದು ತಿಳಿಯಬೇಕಾದರೆ ಬಹಳ ಹಿಂದೆ ಹೋಗಬೇಕು. ಮೊದಲನೇ ಶತಮಾನದಲ್ಲಿ ಯೆಹೋಶುವ ಬೆನ್ ಗಮ್ಲಾ ಎಂಬ ಪ್ರಧಾನ ಅರ್ಚಕ ಒಂದು ಕಟ್ಟಳೆ ಮಾಡಿದ ಎಂದು ಯಹೂದಿ ಧರ್ಮಶಾಸ್ತ್ರದ ಪ್ರಾಚೀನ ಗ್ರಂಥ ತಾಲ್ಮುದ್ ಹೇಳುತ್ತದೆ. ಅದಕ್ಕೆ ಮೊದಲು ಅಪ್ಪನಿದ್ದ ಮಗನಿಗೆ ಅಪ್ಪ ಕಲಿಸುತ್ತಿದ್ದ. ಅಪ್ಪನಿಲ್ಲದವನಿಗೆ ಕಲಿಕೆ ಇಲ್ಲ. ಬೆನ್ ಗಮ್ಲಾ ಊರೂರಿಗೂ ಒಬ್ಬ ಉಪಾಧ್ಯಾಯ ಇರಬೇಕು, ಆರೇಳು ವರ್ಷದ ಮಕ್ಕಳನ್ನು ಅವನ ಬಳಿ ಕಳಿಸಬೇಕು ಎಂದ. ತಬ್ಬಲಿ ಹುಡುಗನೊಬ್ಬ ಓದಿನಿಂದ ಹೊರಗೆ ಉಳಿಯಬಾರದು ಎಂಬ ಕಾಳಜಿಯಿಂದ ಊರಿನ ಶಾಲೆ ಹುಟ್ಟಿತು. ಅದೇ ಪುಟದಲ್ಲಿ ಮುಂದಿನ ಪಂಡಿತರು ತರಗತಿಯ ಗಾತ್ರವನ್ನೂ ನಿಗದಿ ಮಾಡಿದ್ದಾರೆ: ಇಪ್ಪತ್ತೈದು ಮಕ್ಕಳಿಗೆ ಒಬ್ಬ ಉಪಾಧ್ಯಾಯ, ನಲವತ್ತಾದರೆ ಜತೆಗೊಬ್ಬ ಸಹಾಯಕ, ಐವತ್ತಾದರೆ ಇಬ್ಬರು ಉಪಾಧ್ಯಾಯರು. ಇಂದಿಗೂ ಎಷ್ಟೋ ಸರ್ಕಾರಗಳು ಈ ಲೆಕ್ಕಕ್ಕೆ ತಲುಪಿಲ್ಲ.

ಮಧ್ಯಯುಗದ ಜರ್ಮನಿ, ಉತ್ತರ ಫ್ರಾನ್ಸಿನ ಯಹೂದಿಗಳಲ್ಲಿ ಮಗುವಿನ ಮೊದಲ ಶಾಲಾದಿನ ಒಂದು ಹಬ್ಬವೇ ಆಗಿತ್ತು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ದಾರಿಯಲ್ಲಿ ಕೆಟ್ಟದ್ದೇನೂ ಕಣ್ಣಿಗೆ ಬೀಳದಂತೆ ಎತ್ತಿಕೊಂಡು ಹೋಗಿ ಗುರುವಿನ ತೊಡೆಯ ಮೇಲೆ ಕೂರಿಸುತ್ತಿದ್ದರು. ಗುರು ಹಲಗೆಯ ಮೇಲೆ ಬರೆದ ಅಕ್ಷರಗಳಿಗೆ ಜೇನು ಸವರುತ್ತಿದ್ದ. ಮಗು ಅದನ್ನು ನೆಕ್ಕಬೇಕು. ಅಕ್ಷರದ ಮೊದಲ ರುಚಿ ಸಿಹಿಯಾಗಿರಲಿ ಎಂದು. ಇಂದಿಗೂ ಸಿದ್ದೂರ್ ಸಮಾರಂಭದ ದಿನ ಅಕ್ಷರದಾಕಾರದ ಬಿಸ್ಕತ್ತಿಗೆ ಜೇನು ಹಚ್ಚಿ ಕೊಡುವ ಶಾಲೆಗಳಿವೆ. ವಿಜಯದಶಮಿಯಂದು ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವ ನಮಗೆ ಆ ಜೇನಿನ ಹಲಗೆ ದೂರದ್ದಾಗಿ ಕಾಣುವುದಿಲ್ಲ.

ದೇವರ ಹೆಸರಿರುವ ಪುಸ್ತಕ ಹರಿದು ಹಾಳಾದರೂ ಯಹೂದಿಗಳು ಎಸೆಯುವುದಿಲ್ಲ, ಸುಡುವುದಿಲ್ಲ. ಒಂದು ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಮಣ್ಣು ಮಾಡುತ್ತಾರೆ. ಆ ಕೋಣೆಗೆ ‘ಗೆನೀಜಾ’ ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ, ಅಂದರೆ ಯಹೂದಿ ಪ್ರಾರ್ಥನಾಮಂದಿರದಲ್ಲಿ, ಹೀಗೆ ಶತಮಾನಗಟ್ಟಲೆ ಕೂಡಿಟ್ಟ ಕಾಗದದ ರಾಶಿ ಮಣ್ಣಿಗೆ ಹೋಗದೆ ಉಳಿದುಬಿಟ್ಟಿತ್ತು. ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸ 1896-97ರಲ್ಲಿ ಅದರ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ತಂದರು. ಲಕ್ಷ ಮೀರಿದ ಆ ತುಣುಕುಗಳಲ್ಲಿ ಸಾವಿರ ವರ್ಷದ ಹಿಂದಿನ ಮಕ್ಕಳ ಅಕ್ಷರಮಾಲೆಯ ಪುಸ್ತಕಗಳಿವೆ. ಗುರು ಬರೆದುಕೊಟ್ಟ ದೊಡ್ಡ ಅಕ್ಷರದೊಳಗೆ ಮಗು ಬಣ್ಣ ತುಂಬಿದೆ, ಬೇಸರವಾದಾಗ ಪಕ್ಕದಲ್ಲಿ ಏನೇನೋ ಗೀಚಿದೆ.

ಅದೇ ರಾಶಿಯಲ್ಲಿ ಮಂಗಳೂರಿನ ಕಾಗದಗಳೂ ಇವೆ. ಟ್ಯುನೀಶಿಯಾ ಕಡೆಯಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1130ರ ದಶಕದ ಆರಂಭದಿಂದ 1149ರವರೆಗೆ, ನಡುವೆ ಒಮ್ಮೆ ಬಿಟ್ಟರೆ, ನಮ್ಮ ಕರಾವಳಿಯಲ್ಲೇ ಇದ್ದವನು. ಅಮಿತಾವ್ ಘೋಷ್ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಬರೆದದ್ದು ಇವನನ್ನೂ ಇವನ ಆಳು ಬೊಮ್ಮನನ್ನೂ ಹುಡುಕಿಕೊಂಡು ಹೋಗಿ. ಬೆನ್ ಯಿಜು ಮೆಣಸು, ಅಡಕೆ, ಕಂಚಿನ ಪಾತ್ರೆಗಳ ವ್ಯಾಪಾರಿಯಷ್ಟೇ ಆಗಿರಲಿಲ್ಲ, ಓದಿಕೊಂಡವನು, ಕವಿತೆ ಕಟ್ಟುತ್ತಿದ್ದವನು. ಇಷ್ಟು ದೂರ ಬಂದ ಮೇಲೂ ತನ್ನ ಮಗಳನ್ನು ಅಣ್ಣತಮ್ಮಂದಿರ ಮನೆಗೇ ಕೊಡಬೇಕೆಂದು ಹಂಬಲಿಸಿ, ಕೊನೆಗೆ ಸಹೋದರನ ಓದು ಬಲ್ಲ ಮಗನಿಗೇ ಮದುವೆ ಮಾಡಿದ. ಪರವೂರಿನಲ್ಲಿ ಮಗುವಿಗೆ ಮನೆಯ ವಿದ್ಯೆ ತಪ್ಪಿಹೋಗದಿರಲಿ ಎನ್ನುವ ಆತಂಕ ಲಂಡನ್ನಿನ ಯಹೂದಿಗಳದ್ದು ಮಾತ್ರವಲ್ಲ, ಮಂಗಳೂರಿನಲ್ಲಿದ್ದವನದ್ದೂ ಅದೇ ಆಗಿತ್ತು.

ಬೆಲ್ ಲೇನಿನ ನಾಲ್ಕು ಸಾವಿರ ಮಕ್ಕಳು

ಲಂಡನ್ನಿನ ಯಹೂದಿ ಶಾಲೆಗಳ ಕತೆ ಹೇಳುವುದೆಂದರೆ ಜ್ಯೂಸ್ ಫ್ರೀ ಸ್ಕೂಲಿನ ಕತೆ ಹೇಳುವುದು. ಜನರ ಬಾಯಲ್ಲಿ ಅದು ಜೆಎಫ್ಎಸ್. 1732ರಲ್ಲಿ ಸಿನಗಾಗಿನ ಆಶ್ರಯದಲ್ಲಿ ಬಡ ಹುಡುಗರಿಗಾಗಿ ಶುರುವಾದ ಪಾಠಶಾಲೆ ಅದರ ಮೂಲ. 1820ರ ದಶಕದಲ್ಲಿ ಪೂರ್ವ ಲಂಡನ್ನಿನ ಬೆಲ್ ಲೇನಿಗೆ ಬಂತು. 1881ರಲ್ಲಿ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನ ಕೊಲೆಯಾದ ಬಳಿಕ ಅಲ್ಲಿ ಯಹೂದಿಗಳ ಮೇಲೆ ದಾಳಿಗಳಾದವು. ಪ್ರಾಣ ಉಳಿಸಿಕೊಂಡು ಬಂದ ಸಾವಿರಾರು ಕುಟುಂಬಗಳು ಪೂರ್ವ ಲಂಡನ್ನಿನ ಗಲ್ಲಿಗಳಲ್ಲಿ ಬಿಡಾರ ಹೂಡಿದವು. 1900ರ ಹೊತ್ತಿಗೆ ಬೆಲ್ ಲೇನಿನ ಆ ಒಂದೇ ಶಾಲೆಯಲ್ಲಿ ನಾಲ್ಕು ಸಾವಿರದಷ್ಟು ಮಕ್ಕಳಿದ್ದರು. ಯುರೋಪಿನಲ್ಲೇ ಅಷ್ಟು ದೊಡ್ಡ ಪ್ರಾಥಮಿಕ ಶಾಲೆ ಇರಲಿಲ್ಲ ಎನ್ನುತ್ತಾರೆ. ರೋಥ್‌ಶೀಲ್ಡ್ ಮನೆತನ ಮಕ್ಕಳಿಗೆ ವರ್ಷಕ್ಕೊಮ್ಮೆ ಬಟ್ಟೆ, ಬೂಟು ಕೊಡಿಸುತ್ತಿತ್ತು. ಬರಿಗಾಲಿನಲ್ಲಿ ಬಂದಿಳಿದ ಮಗುವಿಗೆ ಶಾಲೆಯೆಂದರೆ ಮೊದಲು ಒಂದು ಜತೆ ಬೂಟು.

ಆ ಉಪಕಾರಕ್ಕೊಂದು ಬೆಲೆಯೂ ಇತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಖ್ಯೋಪಾಧ್ಯಾಯರಾಗಿದ್ದ ಮೋಸೆಸ್ ಏಂಜೆಲ್ ಅವರಿಗೆ ಮಕ್ಕಳು ಬೇಗ ಇಂಗ್ಲಿಷಿನವರಾಗಬೇಕಿತ್ತು. ಮನೆಯಲ್ಲಿ ಅಮ್ಮ ಆಡುವ ಯಿಡ್ಡಿಷ್ ಶಾಲೆಯ ಹೊಸಿಲಲ್ಲೇ ಉಳಿಯಬೇಕಿತ್ತು. ಬಡತನ ಬಿಟ್ಟು ಮೇಲೇರಲು ಅದೊಂದೇ ದಾರಿ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಅದೇ ಶಾಲೆಯ ವಿದ್ಯಾರ್ಥಿಯಾಗಿ, ಆಮೇಲೆ ಅಲ್ಲೇ ಉಪಾಧ್ಯಾಯನಾಗಿದ್ದ ಇಸ್ರೇಲ್ ಜಾಂಗ್ವಿಲ್ 1892ರಲ್ಲಿ ‘ಚಿಲ್ಡ್ರನ್ ಆಫ್ ದಿ ಗೆಟ್ಟೊ’ ಕಾದಂಬರಿ ಬರೆದು ಆ ಗಲ್ಲಿಗಳನ್ನು ಜಗತ್ತಿಗೆ ತೋರಿಸಿದ. ‘ದಿ ಮೆಲ್ಟಿಂಗ್ ಪಾಟ್’ ಎಂಬ 1908ರ ನಾಟಕವೂ ಅವನದೇ. ಎಲ್ಲ ಕುಲದವರೂ ಕರಗಿ ಒಂದಾಗುವ ಮೂಸೆ ಎಂಬ ಆ ಮಾತನ್ನು ಮನೆಮಾತಾಗಿಸಿದವನು ಬೆಲ್ ಲೇನಿನ ಹುಡುಗ. ಕರಗುವುದರ ಲಾಭ ನಷ್ಟ ಎರಡನ್ನೂ ಅವನು ತನ್ನ ತರಗತಿಯಲ್ಲೇ ಕಂಡಿದ್ದ.

1939ರಲ್ಲಿ ಯುದ್ಧ ಶುರುವಾದಾಗ ಶಾಲೆಯ ಮಕ್ಕಳನ್ನು ಕೇಂಬ್ರಿಜಿನ ಸಮೀಪದ ಈಲಿ ಪಟ್ಟಣಕ್ಕೂ ಅದರ ಸುತ್ತಲ ಹಳ್ಳಿಗಳಿಗೂ ಕಳಿಸಿದರು. ಕೊರಳಲ್ಲಿ ಗ್ಯಾಸ್ ಮುಖವಾಡದ ಡಬ್ಬಿ ತೂಗಿಸಿಕೊಂಡ ಪೇಟೆ ಮಕ್ಕಳು ಯಹೂದಿಗಳನ್ನೇ ನೋಡಿರದ ರೈತರ ಮನೆಗಳಲ್ಲಿ ಬೆಳೆದರು. ಇತ್ತ ಬೆಲ್ ಲೇನಿನ ಕಟ್ಟಡ ಬಾಂಬಿಗೆ ಹಾಳಾಯಿತು. ಶಾಲೆ ಮತ್ತೆ ಬಾಗಿಲು ತೆರೆದದ್ದು 1958ರಲ್ಲಿ, ಕ್ಯಾಮ್ಡೆನ್ನಿನಲ್ಲಿ. 2002ರಲ್ಲಿ ಕೆಂಟನ್ನಿಗೆ ಬಂತು.

ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆ ಈ ಶಾಲೆಯನ್ನೂ ಬಿಡಲಿಲ್ಲ. ತಾಯಿ ಯಹೂದಿಯಾಗಿದ್ದರೆ ಮಗು ಯಹೂದಿ ಎಂಬುದು ಸಂಪ್ರದಾಯದ ನಿಯಮ. ತಾಯಿಯ ಮತಾಂತರವನ್ನು ಸಂಪ್ರದಾಯಸ್ಥ ಪೀಠ ಒಪ್ಪದ ಕಾರಣಕ್ಕೆ ಸೀಟು ಸಿಗದ ಹುಡುಗನೊಬ್ಬನ ಪ್ರಕರಣ ಆಗಷ್ಟೇ ಶುರುವಾಗಿದ್ದ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ಡಿಸೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು, ಹುಟ್ಟಿನ ಮೇಲೆ ಪ್ರವೇಶ ನಿರ್ಧರಿಸುವುದು ಜನಾಂಗಭೇದವಾಗುತ್ತದೆ ಎಂದು ತೀರ್ಪಿತ್ತರು. ಶಾಲೆಗೆ ದ್ವೇಷದ ಉದ್ದೇಶವಿರಲಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿದರು. ಅಂದಿನಿಂದ ಇಂಥ ಶಾಲೆಗಳು ಕೇಳುವುದು ಮನೆಯವರು ಸಿನಗಾಗಿಗೆ ಹೋಗುತ್ತಾರೆಯೇ, ಸಮುದಾಯದ ಕೆಲಸದಲ್ಲಿ ಕೈಜೋಡಿಸುತ್ತಾರೆಯೇ ಎಂದು. ರಕ್ತದ ಪ್ರಶ್ನೆಯ ಜಾಗಕ್ಕೆ ನಡೆನುಡಿಯ ಪ್ರಶ್ನೆ ಬಂತು. ನನ್ನ ಮಟ್ಟಿಗೆ ಅದು ಒಳ್ಳೆಯ ತಿರುವು.

ಪಾರ್ಕ್ ಸ್ಟ್ರೀಟಿನ ಗೇಟು

ಸಿದ್ದೂರ್ ಸಮಾರಂಭ ಮುಗಿದು, ಹೊರಗಿನ ಬೆಂಚಿನ ಮೇಲೆ ಚಹಾ ಹಿಡಿದು ಕೂತಾಗ ಅಜ್ಜಿ ತಮ್ಮ ಶಾಲೆಯ ಮಾತು ತೆಗೆದರು. ಅವರು ಹುಟ್ಟಿ ಬೆಳೆದದ್ದು ಕಲ್ಕತ್ತದಲ್ಲಿ. ನಾನು ಭಾರತದವಳೆಂದು ತಿಳಿದ ದಿನದಿಂದ ನನ್ನೊಡನೆ ಬಜಾರಿನ ಹಿಂದೂಸ್ತಾನಿಯಲ್ಲೇ ಮಾತು, ನನ್ನನ್ನು ಕರೆಯುವುದು “ಬೇಟಿ” ಎಂದೇ. ಷಬ್ಬಾತಿಗೆ ಇಡೀ ಆಲೂಗಡ್ಡೆಯನ್ನು ಸಣ್ಣ ಉರಿಯಲ್ಲಿ ಹೊತ್ತುಗಟ್ಟಲೆ ಕರಿದು ಮಾಡುವ ‘ಆಲೂ ಮಕಲ್ಲಾ’ ಅವರ ಕೈಯಡುಗೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಹೆಸರಲ್ಲಿ ‘ಆಲೂ’ ನಮ್ಮದು, ‘ಮಕಲ್ಲಾ’ ಬಗ್ದಾದಿನ ಅರಬ್ಬಿ.

1798ರಲ್ಲಿ ಅಲೆಪ್ಪೊ ಪಟ್ಟಣದ ಶಾಲೋಮ್ ಕೊಹೆನ್ ಕಲ್ಕತ್ತಕ್ಕೆ ಬಂದಿಳಿದ. ಅವನ ಹಿಂದೆ ಬಗ್ದಾದಿನ ಕಡೆಯ ವ್ಯಾಪಾರಿ ಕುಟುಂಬಗಳು ಬಂದವು. ನೇವೆ ಶಾಲೋಮ್, ಬೆತ್ ಎಲ್, 1884ರಲ್ಲಿ ಎತ್ತರದ ಗೋಪುರದ ಮಾಗೆನ್ ಡೇವಿಡ್ ಎಂದು ಒಂದರ ಹಿಂದೊಂದು ಸಿನಗಾಗ್ ಎದ್ದವು. 1902ರಲ್ಲಿ ಶುರುವಾದ ನಹೂಮ್ ಬೇಕರಿಯ ಕೇಕಿಗೆ ನ್ಯೂ ಮಾರ್ಕೆಟ್ಟಿನಲ್ಲಿ ಈಗಲೂ ಜನ ಸಾಲು ನಿಲ್ಲುತ್ತಾರೆ. ಹೆಣ್ಣುಮಕ್ಕಳು ಮಿಷನರಿ ಶಾಲೆಗಳಿಗೆ ಹೋಗಿ ತಮ್ಮ ಧರ್ಮದಿಂದ ದೂರವಾದಾರು ಎಂಬ ಆತಂಕದಿಂದ ಸಮುದಾಯ 1881ರಲ್ಲಿ ಜ್ಯೂಯಿಷ್ ಗರ್ಲ್ಸ್ ಸ್ಕೂಲ್ ತೆರೆಯಿತು. ರಾಮಾ ಲಡ್ಡಿ ಎಂಬಾಕೆ 1929ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದರ ಮುಖ್ಯೋಪಾಧ್ಯಾಯಿನಿ. ಅಜ್ಜಿಗೆ ಕಲಿಸಿದವರು, ಅವರ ಅಮ್ಮನಿಗೂ ಕಲಿಸಿದವರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾದಿಂದ ಓಡಿಬಂದವರೂ ಸೇರಿ ಕಲ್ಕತ್ತದ ಯಹೂದಿಗಳು ಐದು ಸಾವಿರದ ಹತ್ತಿರವಿದ್ದರು. ಸ್ವಾತಂತ್ರ್ಯ ಬಂತು, ಇಸ್ರೇಲ್ ಹುಟ್ಟಿತು, ಹಳೆಯ ವ್ಯಾಪಾರದ ದಾರಿಗಳು ಮುಚ್ಚಿದವು. ಕುಟುಂಬಗಳು ಒಂದೊಂದಾಗಿ ಲಂಡನ್, ಇಸ್ರೇಲ್, ಆಸ್ಟ್ರೇಲಿಯಾಕ್ಕೆ ಹೊರಟವು. ಯಾರೂ ಅವರನ್ನು ಅಟ್ಟಲಿಲ್ಲ ಎಂಬುದನ್ನು ಅಜ್ಜಿ ಪ್ರತಿ ಸಲವೂ ಒತ್ತಿ ಹೇಳುತ್ತಾರೆ. ಶತಮಾನ ಒಂದೂವರೆ ಕಳೆದರೂ ಆ ನೆಲದಲ್ಲಿ ಒಬ್ಬರೂ ತಮ್ಮನ್ನು ಹಗೆಯ ಕಣ್ಣಿನಿಂದ ನೋಡಲಿಲ್ಲ ಎಂದು ಹೇಳುವಾಗ ಅವರ ದನಿ ಕಟ್ಟುತ್ತದೆ.

ಇಂದು ಆ ನಗರದಲ್ಲಿ ಉಳಿದಿರುವ ಯಹೂದಿಗಳು ಬೆರಳೆಣಿಕೆಯ ಹಿರಿಯರು. ಶಾಲೆ ಮಾತ್ರ ನಡೆಯುತ್ತಿದೆ. ಪಾರ್ಕ್ ಸ್ಟ್ರೀಟಿನ ಗೇಟಿನ ಮೇಲೆ ಅದೇ ಹೆಸರು, ಸಮವಸ್ತ್ರದ ಮೇಲೆ ದಾವಿದನ ಆರು ಮೂಲೆಯ ನಕ್ಷತ್ರ. ಅದನ್ನು ತೊಟ್ಟು ಬರುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. ಒಬ್ಬಳೂ ಯಹೂದಿ ಹುಡುಗಿ ಇಲ್ಲ. ಸಿನಗಾಗುಗಳ ನೆಲ ಒರೆಸಿ, ದೀಪ ಉಜ್ಜಿ, ಬಾಗಿಲು ಕಾಯುವವರೂ ತಲೆಮಾರುಗಳಿಂದ ಮುಸ್ಲಿಮರೇ. ಮುಂಬೈಯಲ್ಲೂ ಇದೇ ಕತೆ. ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ 1875ರಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರೇಲಿ ಯಹೂದಿ ಮಕ್ಕಳಿಗಾಗಿ ತೆರೆದ ಶಾಲೆ ಇಂದು ಮಜಗಾಂವಿನಲ್ಲಿ ಸರ್ ಎಲ್ಲಿ ಕಡೂರಿ ಶಾಲೆಯಾಗಿ ನೆರೆಯ ಮಕ್ಕಳಿಗೆಲ್ಲ ಅಕ್ಷರ ಕೊಡುತ್ತಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಿಂಗ್ ಡೇವಿಡ್ ಪ್ರಾಥಮಿಕ ಶಾಲೆಯಲ್ಲೂ ಅರ್ಧಕ್ಕೂ ಹೆಚ್ಚು ಮಕ್ಕಳು ಮುಸ್ಲಿಮರು. ಅವರೂ ಹೀಬ್ರೂ ಕಲಿಯುತ್ತಾರೆ, ಯಹೂದಿ ಹಬ್ಬಗಳ ಹಾಡು ಹಾಡುತ್ತಾರೆ. ದೇವರ ಭಯವಿರುವ ಜಾಗ, ಹಂದಿಮಾಂಸ ಬಡಿಸದ ಅಡುಗೆಮನೆ, ಚೆನ್ನಾಗಿ ಕಲಿಸುವ ಟೀಚರುಗಳು: ತಾಯಂದಿರಿಗೆ ಇನ್ನೇನು ಬೇಕು?

“ನಿಮ್ಮ ಶಾಲೆಯಲ್ಲಿ ನಿಮ್ಮವರೇ ಇಲ್ಲವಲ್ಲ, ಬೇಸರವಾಗುವುದಿಲ್ಲವೇ?” ಎಂದು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮುಚ್ಚಿದ್ದರೆ ಬೇಸರವಾಗುತ್ತಿತ್ತು ಬೇಟಿ. ನಾನು ಕೂತ ಬೆಂಚಿನ ಮೇಲೆ ಇವತ್ತೂ ಒಂದು ಹುಡುಗಿ ಕೂತು ಲೆಕ್ಕ ಬಿಡಿಸ್ತಾ ಇದ್ದಾಳೆ. ಅವಳ ಎದೆ ಮೇಲೆ ನನ್ನ ನಕ್ಷತ್ರ ಇದೆ” ಎಂದರು.

ಗೇಟಿನಲ್ಲಿ ನಿಂತವರು

ಇಂದು ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಯಹೂದಿ ಶಾಲೆಗಳಲ್ಲೇ ಓದುತ್ತಿದ್ದಾರೆ. ಇಂಥ ಹಲವು ಶಾಲೆಗಳ ಸಂಬಳ ಸಾರಿಗೆ ಸರ್ಕಾರದ್ದು. ಆದರೆ ಹೀಬ್ರೂ, ಧರ್ಮಪಾಠದ ಖರ್ಚಿಗೆ ತಂದೆತಾಯಿಗಳು ಕೈಯಿಂದ ಕೂಡಿಸುತ್ತಾರೆ. ಕೂಡಿಸುವುದು ಹಣ ಮಾತ್ರವಲ್ಲ. ಸಮಾರಂಭದ ದಿನ ಕುರ್ಚಿ ಜೋಡಿಸಿದವರು ಅಪ್ಪಂದಿರು. ಕೇಕು, ಹಣ್ಣು,  ಬಿಸ್ಕತ್ತು ಹಂಚಿದವರು ಪೋಷಕರ ಸಂಘದವರು. ಗೇಟಿನಲ್ಲಿ ಬಂದವರ ಮುಖ ನೋಡಿ ಒಳಬಿಡುತ್ತಿದ್ದ ಕಾವಲುಗಾರನ ಪಕ್ಕ ಹೊಳೆಯುವ ಜಾಕೆಟ್ಟು ತೊಟ್ಟು ನಿಂತಿದ್ದವರೂ ಸರದಿಯ ಮೇಲೆ ಬಂದ ಪೋಷಕರೇ. ಪುಟ್ಟ ಮಕ್ಕಳ ಶಾಲೆಗೂ ಎತ್ತರದ ಬೇಲಿ, ಕ್ಯಾಮೆರಾ, ಕಾವಲು ಬೇಕಾಗಿರುವುದು ಈ ಕಾಲದ ನೋವು. ಮಕ್ಕಳು ಆ ಕಾವಲುಗಾರನಿಗೆ ಪೂರಿಮ್ ಹಬ್ಬದಂದು ತಿಂಡಿಯ ಪೊಟ್ಟಣ ಕೊಡುತ್ತಾರಂತೆ. ಭಯದ ಬಾಗಿಲಲ್ಲಿ ನಿಂತವನನ್ನೂ ಹಬ್ಬದೊಳಗೆ ಸೇರಿಸಿಕೊಳ್ಳುವ ಬುದ್ಧಿ ಅವರಿಗೆ ಹೇಗೋ ಬಂದಿದೆ.

ಅವತ್ತು ಅಲ್ಲಿ ಕೂತು ನನಗೆ ನೆನಪಾದದ್ದು ನಮ್ಮ ಭಾನುವಾರದ ಕನ್ನಡ ತರಗತಿ. ಬಾಡಿಗೆಗೆ ಹಿಡಿದ ಹಾಲಿನಲ್ಲಿ ಹದಿನಾಲ್ಕು ಮಕ್ಕಳು, ಇಬ್ಬರು ಸ್ವಯಂಸೇವಕರು. ಅಪ್ಪ ಅಮ್ಮಂದಿರು ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ಕಾರಿನಲ್ಲಿ ಕೂತು ಫೋನು ನೋಡುತ್ತೇವೆ, ನಾನೂ ಸೇರಿ. ‘ಅ’ ಕಲಿತ ಮಗುವಿಗೆ ನಾವು ಒಂದು ದಿನವನ್ನೂ ಹಬ್ಬವಾಗಿಸಿಲ್ಲ, ಅದರ ಹೆಸರು ಬರೆದ ಒಂದು ಪುಸ್ತಕ ಕೊಟ್ಟಿಲ್ಲ. ಊರಿನಲ್ಲಿ ಶಾಲಾ ವಾರ್ಷಿಕೋತ್ಸವವೆಂದರೆ ಶಾಮಿಯಾನ ಕಟ್ಟುವವನಿಂದ ಹಿಡಿದು ಚಿತ್ರಾನ್ನ ಮಾಡುವವರವರೆಗೆ ಇಡೀ ಹಳ್ಳಿ ಶಾಲೆಯಂಗಳದಲ್ಲಿ ಇರುತ್ತಿತ್ತು. ಅಂಥ ಶಾಲೆಯಲ್ಲಿ ಕಲಿತ ನಾವು ಇಲ್ಲಿ ಬಾಗಿಲಲ್ಲೇ ನಿಂತುಬಿಟ್ಟಿದ್ದೇವೆ. ಮಕ್ಕಳು ಭಾಷೆ ಮರೆಯುತ್ತಿದ್ದಾರೆ ಎಂದು ಕೊರಗುವ ಮೊದಲು ನಾವು ಒಳಗೆ ಹೋಗಿ ಕುರ್ಚಿ ಜೋಡಿಸಬೇಕು. ಬರುವ ವಿಜಯದಶಮಿಗೆ ಅಕ್ಕಿಯ ತಟ್ಟೆ ಹಿಡಿದು ಎಲ್ಲ ಮನೆಯವರೂ ಬರಬೇಕೆಂದು ನಮ್ಮ ಗುಂಪಿಗೆ ಅಂದು ರಾತ್ರಿಯೇ ಬರೆದೆ. ಹೊದಿಕೆ ಹೊಲಿಯುವ ಕೆಲಸ ನನ್ನದು ಎಂದೂ ಸೇರಿಸಿದೆ.

ಯಹೂದಿಗಳಲ್ಲಿ ಗ್ರಂಥದ ಒಂದು ಭಾಗವನ್ನು ಓದಿ ಮುಗಿಸಿದಾಗ ‘ಸಿಯುಮ್’ ಮಾಡುತ್ತಾರೆ. ಕೂಡಿ ಉಣ್ಣುತ್ತಾರೆ, ಆ ಗ್ರಂಥಭಾಗವನ್ನೇ ಉದ್ದೇಶಿಸಿ ‘ಹದ್ರಾನ್’ ಹೇಳುತ್ತಾರೆ. ಆ ಪದದ ಅರ್ಥ, ನಾವು ನಿನ್ನ ಬಳಿಗೆ ಮರಳಿ ಬರುತ್ತೇವೆ ಎಂದು. ಓದಿದ ಪುಸ್ತಕಕ್ಕೆ ವಿದಾಯ ಹೇಳುವಂತಿಲ್ಲ, ಹೋಗಿ ಬರುತ್ತೇವೆ ಎನ್ನಬೇಕು. ಶಾಲೆಯ ದೊಡ್ಡ ಮಕ್ಕಳು ಅಂದು ಅದನ್ನು ಹೇಳಿದಾಗ, ಹೊಸಿಲು ದಾಟುವವರು “ಹೋಗ್ತೀನಿ” ಎಂದರೆ “ಹಾಗನ್ನಬಾರದು, ಬರ್ತೀನಿ ಅನ್ನು” ಎಂದು ತಿದ್ದುತ್ತಿದ್ದ ನನ್ನಜ್ಜಿಯ ದನಿ ಕಿವಿಯಲ್ಲಿ ಕೇಳಿತು.

ಚಹಾ ಮುಗಿಯಿತು. ಹುಡುಗ ಮಖಮಲ್ಲಿನ ಪುಸ್ತಕವನ್ನು ಎದೆಗವಚಿಕೊಂಡು ಗೇಟಿನ ಬಳಿ ಕಾಯುತ್ತಿದ್ದ. 1950ರ ದಶಕದಲ್ಲಿ ತಾವು ಶಾಲೆ ಬಿಟ್ಟ ದಿನ ಗೇಟಿನ ದರ್ವಾನನಿಗೆ ಏನು ಹೇಳಿದ್ದಿರಿ ಎಂದು ಅಜ್ಜಿಯನ್ನು ಕೇಳಿದೆ. ಅವರು ಕೋಲೂರಿ ಎದ್ದು ನಿಂತು ನಕ್ಕರು. “ಬಂಗಾಳದಲ್ಲಿ ಯಾರೂ ಹೋಗ್ತೀನಿ ಅನ್ನಲ್ಲ ಬೇಟಿ. ಆಶಿ ಅಂತಾರೆ. ಬರ್ತೀನಿ ಅಂತ. ನಾನೂ ಅದನ್ನೇ ಹೇಳಿದ್ದೆ” ಎಂದರು. ಆಮೇಲೆ ಮೊಮ್ಮಗನ ಕೈ ಹಿಡಿದು, ತಿರುಗಿ ಶಾಲೆಯ ಕಡೆಗೊಮ್ಮೆ ನೋಡಿ, ಮೆಲ್ಲಗೆ “ಆಶಿ” ಎಂದು ಗೇಟು ದಾಟಿದರು.